ಮೊದಲ ಸೌಟು

ಕಳೆದ ತಿಂಗಳು ಗ್ಲೆಂಡೇಲ್ ಹೈಟ್ಸ್‌ನ ಇಂಡಿಯನ್ ಅಂಗಡಿಯಿಂದ ಮಗಳು ತಪ್ಪು ಅಕ್ಕಿ ತಂದಳು. ಸೋನಾ ಮಸೂರಿ ಎಂದು ಹೇಳಿ ಕಳಿಸಿದ್ದೆ. ಅವಳು ಚೀಲದ ಬಣ್ಣ ನೋಡಿ ಎತ್ತಿಕೊಂಡು ಬಂದದ್ದು ಹತ್ತು ಪೌಂಡ್ ಕುಚ್ಚಲಕ್ಕಿ. ವಾಪಸ್ ಕೊಡಲು ಹೋಗುವುದಕ್ಕೆ ಸೋಮಾರಿತನವಾಗಿ ಒಂದು ಲೋಟ ಬೇಯಲು ಇಟ್ಟೆ. ಅರ್ಧ ಗಂಟೆಯಲ್ಲಿ ಮನೆಯೆಲ್ಲ ಆ ವಾಸನೆ... ಒದ್ದೆ ಗೋಣಿಚೀಲದ್ದೂ ಹೌದು, ಬಿಸಿ ಮಣ್ಣಿನದ್ದೂ ಹೌದು. ಮೈಸೂರು ಕಡೆಯ ನನ್ನ ಮೂಗಿಗೆ ಅದು ಎಂದೂ ಊಟದ ವಾಸನೆ ಅನ್ನಿಸಿಲ್ಲ.

"ವಾಟ್ ಡೈಡ್ ಇನ್ ಹಿಯರ್?" ಎಂದು ಮಗಳು ಮೆಟ್ಟಿಲ ಮೇಲಿಂದ ಕೂಗಿದಳು.

ನಾನು ಫ್ರಿಜ್ಜಿನ ಕಡೆ ತಿರುಗಿದೆ. ಫ್ರಿಜ್ಜಿನ ಬಾಗಿಲಲ್ಲಿ, ಲೆಮಾಂಟ್ ದೇವಸ್ಥಾನದ ಮ್ಯಾಗ್ನೆಟ್ಟಿನ ಕೆಳಗೆ, ಎರಡು ತಿಂಗಳಿಂದ ಒಂದು ಕಾಗದ ನೇತಾಡುತ್ತಿತ್ತು. ಡೆಟ್ರಾಯಿಟ್‌ನ ಕ್ರೈಸ್ತ ಸನ್ಯಾಸಿಗಳ ಮಠದಿಂದ ಬಂದದ್ದು. ತಮ್ಮಲ್ಲಿದ್ದ ಒಬ್ಬ ಬ್ರದರ್ ಆಫ್ರಿಕದ ಅಂತರ್ಯುದ್ಧದಲ್ಲಿ ಕೊಲೆಯಾಗಿ ಬಹಳ ವರ್ಷಗಳಾದವು, ಅವರನ್ನು ಧರ್ಮಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿ ಎಂದು ಚರ್ಚು ಒಪ್ಪಬೇಕೇ ಎಂಬ ವಿಚಾರಣೆ ಈಗ ಶುರುವಾಗಿದೆ, ಅಮೆರಿಕದಲ್ಲಿ ಅವರನ್ನು ಕೊನೆಯದಾಗಿ ಕಂಡವರು ನೀವು, ಸಾಕ್ಷಿ ಹೇಳುತ್ತೀರಾ? ಪ್ರಶ್ನೆಗಳ ಪಟ್ಟಿಯಲ್ಲಿ ಒಂದರ ಕೆಳಗೆ ಗೆರೆ ಎಳೆದಿದ್ದರು. ಅಪಾಯವನ್ನು ತಿಳಿದೂ ಅವರು ತಮ್ಮ ಸ್ವಂತ ಇಚ್ಛೆಯಿಂದ ಹಿಂದಿರುಗಿದರೇ?

ಎರಡು ತಿಂಗಳು ನಾನು ಉತ್ತರ ಬರೆಯದೆ ಇದ್ದದ್ದು ಆ ಗೆರೆಯ ಕಾರಣಕ್ಕೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ವಿಚಾರಣೆ ಇನ್ನೂ ಮುಗಿದಿಲ್ಲ, ಆ ದೇಶದಲ್ಲಿ ಸಾಕ್ಷಿ ಹೇಳಿದವರು ಇನ್ನೂ ಅಲ್ಲೇ ಬದುಕಬೇಕು. ನಾನಂತೂ ಅವರನ್ನು ಹೆಸರು ಹಿಡಿದು ಕರೆದವಳೇ ಅಲ್ಲ. ಬ್ರದರ್ ಎನ್ನುತ್ತಿದ್ದೆ. ಅವರು ಪಾದ್ರಿಯಲ್ಲ, ಪೂಜೆ ಮಾಡಿಸುವವರಲ್ಲ. ಕಂದು ನಿಲುವಂಗಿ, ಸೊಂಟಕ್ಕೆ ಮೂರು ಗಂಟಿನ ಬಿಳಿ ಹಗ್ಗ, ಅದರ ಮೇಲೆ ಏಪ್ರನ್, ಮೊಣಕೈವರೆಗೆ ಮಡಚಿದ ತೋಳು. ಅಡಿಗೆ ಮಾಡುವುದು ಅವರ ಕೆಲಸವಾಗಿತ್ತು.

ಆಗ ನಾವು ಮಿಷಿಗನ್‌ನ ಕ್ಯಾಂಟನ್‌ನಲ್ಲಿದ್ದೆವು. ಗಂಡ ಕಾರು ಕಂಪನಿಯೊಂದಕ್ಕೆ ಕನ್ಸಲ್ಟೆಂಟ್. ಮೈಸೂರಿನ ಕಾಲೇಜಿನಲ್ಲಿ ಆರು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ್ದ ನನಗೆ ಗಂಡನ ವೀಸಾದ ಮೇಲೆ ಬಂದಾಗ ಕೆಲಸ ಮಾಡುವ ಅನುಮತಿ ಇರಲಿಲ್ಲ. ಒಂದು ನವೆಂಬರ್‌ನಲ್ಲಿ ಕನ್ನಡ ಕೂಟದವರು ರಾಜ್ಯೋತ್ಸವದ ಲೆಕ್ಕದಲ್ಲಿ ಡೆಟ್ರಾಯಿಟ್‌ನ ಆ ಮಠದ ಅನ್ನಛತ್ರದಲ್ಲಿ ಒಂದು ದಿನ ಸೇವೆ ಮಾಡಲು ಹೊರಟರು. ಹಳದಿ ಕೆಂಪು ಶಾಲು ಹೊದ್ದು ಹೋದೆವು, ಈರುಳ್ಳಿ ಹೆಚ್ಚಿದೆವು, ಫೋಟೋ ತೆಗೆಸಿಕೊಂಡೆವು. ಬಿಸಿ ತಪ್ಪಲೆ ಮುಟ್ಟಿ ನಾನು "ಅಯ್ಯೋ" ಎಂದಾಗ ಹಿಂದಿನಿಂದ ಒಂದು ದನಿ ಬಂತು.

"ಎಂತ ಮಾರಾಯ್ರೆ, ಕೈ ಸುಟ್ಕೊಂಡ್ರಾ?"

ಇದನ್ನು ನಾನು ಅನೇಕರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ಕೇಳುವವರು ನಗುತ್ತಾರೆ. ಅಷ್ಟು ಸಲ ಹೇಳಿದ್ದರಿಂದಲೇ ಈಗ ಅನುಮಾನ: ನಿಜವಾಗಿ ಕೈ ಸುಟ್ಟಿತ್ತೇ? ಶಾಲು ಹೊದ್ದು ತಪ್ಪಲೆಯ ಹತ್ತಿರ ಯಾರು ಬಿಡುತ್ತಾರೆ? ಆ ಮಂಗಳೂರು ಕನ್ನಡ ಮಾತ್ರ ನಿಜ. ಮನೆಮಾತು ಕೊಂಕಣಿ, ಮನೆಯೂಟ ಕುಚ್ಚಲಕ್ಕಿ ಗಂಜಿ, ಶಾಲೆಯಲ್ಲಿ ಕಲಿತದ್ದು ಕನ್ನಡ, ಇಪ್ಪತ್ತರ ವಯಸ್ಸಿಗೆ ಸನ್ಯಾಸ, ಆಮೇಲೆ ಹದಿನೆಂಟು ವರ್ಷ ಆಫ್ರಿಕದ ಒಂದು ಪುಟ್ಟ ಊರು. ಕನ್ನಡ ಮಾತಾಡಲು ಅವರಿಗೆ ಸಿಕ್ಕವಳು ನಾನೊಬ್ಬಳೇ ಇರಬೇಕು. ಮುಂದಿನ ಮಂಗಳವಾರ ಎರಡು ಬಸ್ಸು ಬದಲಿಸಿ ಒಬ್ಬಳೇ ಹೋದೆ. ಊರಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಹೇಳಿದೆ. ಅಂದಿನಿಂದ ಟೀಚರ್ ಎಂದೇ ಕರೆದರು. ಈ ದೇಶದಲ್ಲಿ ನನ್ನನ್ನು ಹಾಗೆ ಕರೆದವರು ಬೇರೆ ಯಾರೂ ಇರಲಿಲ್ಲ.

ನಾಲ್ಕಾರು ವಾರ ಕಳೆದ ಮೇಲೆ ಸೂಪಿನ ಉಸ್ತುವಾರಿ ನನಗೆ ಬಂತು. ದೊಡ್ಡ ಸ್ಟೀಲ್ ಹಂಡೆ, ಇನ್ನೂರು ಮುನ್ನೂರು ಜನಕ್ಕೆ ಆಗುವಷ್ಟು. ಊಟಕ್ಕೆ ಬರುವವರನ್ನು ಅಲ್ಲಿ ಅತಿಥಿಗಳು ಎನ್ನುತ್ತಿದ್ದರು. ಆ ದಿನ ಮೊದಲ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕ, ಹಿಂದೆ ಕಾರಿನ ಕಾರ್ಖಾನೆಯಲ್ಲಿದ್ದವನು, ಒಂದು ಚಮಚ ಬಾಯಿಗಿಟ್ಟು ಕೆಳಗಿಟ್ಟ. ಸುತ್ತಲೂ ನೋಡಿ ಗಟ್ಟಿಯಾಗಿ ಹೇಳಿದ: ಈ ಊರಲ್ಲಿ ನದಿ ಇದೆ, ಸುತ್ತ ದೊಡ್ಡ ದೊಡ್ಡ ಕೆರೆಗಳಿವೆ, ಸಮುದ್ರ ಒಂದು ಇರಲಿಲ್ಲ, ಈವತ್ತು ಈ ಲೇಡಿ ಅದನ್ನೂ ತಂದುಬಿಟ್ಟಳು.

ಇಡೀ ಊಟದ ಮನೆ ನಕ್ಕಿತು. ಬ್ರದರ್ ಬೆಳಿಗ್ಗೆಯೇ ಉಪ್ಪು ಹಾಕಿದ್ದರು. ನಾನು ಮತ್ತೆ ಹಾಕಿದ್ದೆ.

"ರುಚಿ ನೋಡ್ಲಿಲ್ವಾ ಟೀಚರ್?"

"ಬಡಿಸೋಕೆ ಮುಂಚೆ ಹೇಗೆ ನೋಡೋದು ಬ್ರದರ್? ಎಂಜಲಾಗಲ್ವಾ?"

ನಮ್ಮ ಮನೆಯಲ್ಲಿ ಅಡಿಗೆ ಮಾಡುವಾಗ ಬಾಯಿಗೆ ಹಾಕಿದರೆ ಅಜ್ಜಿ ಸೌಟಿನಲ್ಲೇ ಕೈಗೆ ಹೊಡೆಯುತ್ತಿದ್ದರು. ದೇವರಿಗೂ ಉಣ್ಣುವವರಿಗೂ ಮೊದಲು ಅಡಿಗೆಯವಳು ಉಣ್ಣಬಾರದು. ಪ್ರಯೋಗಾಲಯದಲ್ಲೂ ಯಾವುದನ್ನೂ ನಾಲಿಗೆಗೆ ತಾಗಿಸಬಾರದೆಂದು ಆರು ವರ್ಷ ಮಕ್ಕಳಿಗೆ ನಾನೇ ಹೇಳಿದ್ದೆ. ಕೈ ಅಳತೆ, ಕಣ್ಣಳತೆ, ವಾಸನೆ, ಇಷ್ಟೇ ನನ್ನ ಅಡಿಗೆ. ಬ್ರದರ್ ಒಂದು ದೊಡ್ಡ ಬಟ್ಟಲು ತುಂಬ ಆ ಸೂಪು ಬಡಿಸಿಕೊಂಡು ಮುದುಕನ ಎದುರು ಕೂತು ಪೂರ್ತಿ ಕುಡಿದರು. ಆಮೇಲೆ ಮೂರು ಲೋಟ ನೀರು ಕುಡಿದರು. ಎದ್ದು ಬಂದು ಆಲೂಗಡ್ಡೆ ಹೆಚ್ಚಿ ಹಂಡೆಗೆ ಹಾಕಿಸಿದರು.

ಆ ಮಧ್ಯಾಹ್ನ, ಪಾತ್ರೆ ತೊಳೆಯುತ್ತಾ, ಆಫ್ರಿಕದ ಆ ಊರಿನ ವಿಷಯ ಹೇಳಿದರು. ಯುದ್ಧ ಶುರುವಾದ ಮೇಲೆ ಕಾದಾಡುವ ಎರಡೂ ಪಂಗಡದ ಜನ ಆಶ್ರಯ ಕೇಳಿ ಅವರ ಮಠದ ಅಂಗಳಕ್ಕೆ ಬಂದು ಸೇರಿದರು. ಊಟದಲ್ಲಿ ಎದುರಿನವರು ವಿಷ ಹಾಕಿಸುತ್ತಾರೆ ಎಂಬ ಗುಮಾನಿ ಹಬ್ಬಿತು. ಹಸಿದು ಬಿದ್ದಿದ್ದಾರೆ, ಮುಂದೆ ಗಂಜಿ ಇದೆ, ಯಾರೂ ಮುಟ್ಟುವುದಿಲ್ಲ. ಅದಕ್ಕೆ ಬ್ರದರ್ ಎಲ್ಲರ ಕಣ್ಣೆದುರು ಮೊದಲ ಸೌಟನ್ನು ತಾವೇ ಬಡಿಸಿಕೊಂಡು ಉಣ್ಣುತ್ತಿದ್ದರು. ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಿದ್ದರು. ಬೀಳಲಿಲ್ಲ ಎಂದು ಖಾತ್ರಿಯಾದ ಮೇಲೆ ತಾಯಂದಿರು ಮಕ್ಕಳನ್ನು ಮುಂದೆ ಕಳಿಸುತ್ತಿದ್ದರು.

"ಅದು ಎಂಜಲಲ್ಲ ಟೀಚರ್. ಅವರಿಗೆ ಅದೇ ನಂಬಿಕೆ."

ಹೀಗೆ ಹೇಳಿದರೋ, ಅಥವಾ ಇದರ ಅರ್ಥ ಬರುವಂತೆ ಬೇರೇನೋ ಹೇಳಿದರೋ... ಇಷ್ಟು ಚೆನ್ನಾಗಿ ಕೂತಿರುವ ಮಾತನ್ನು ನಾನು ನಂಬುವುದಿಲ್ಲ. ಅವರು ಮಾತಾಡುತ್ತಿದ್ದುದು ಇದಕ್ಕಿಂತ ಅಡ್ಡಾದಿಡ್ಡಿಯಾಗಿ.

ಉಳಿದ ಅರ್ಧ ಗೊತ್ತಾದದ್ದು ಆ ಚಳಿಗಾಲದ ಕೊನೆಗೆ. ಇಬ್ಬರೂ ಈರುಳ್ಳಿ ಸುಲಿಯುತ್ತಿದ್ದೆವು, ಹಾಗಾಗಿ ಅವರ ಕಣ್ಣಿನ ನೀರಿಗೆ ನಾನು ಯಾವ ಅರ್ಥವನ್ನೂ ಕೊಡುವುದಿಲ್ಲ. ಒಂದು ದಿನ ಪರದೇಶದವರನ್ನು ಸಾಗಿಸಲು ಆ ಅಂಗಳಕ್ಕೆ ಲಾರಿಗಳು ಬಂದವಂತೆ. ಪಟ್ಟಿಯಲ್ಲಿ ಇವರ ಹೆಸರೂ ಇತ್ತು. ಹಂಡೆ ಒಲೆಯ ಮೇಲಿತ್ತು, ಗಂಜಿ ಬೆಂದಿತ್ತು, ಜನ ಸಾಲು ಕೂತಿದ್ದರು. ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ ಲಾರಿ ಹತ್ತಿದರು. ಮೊದಲ ಸೌಟನ್ನು ಆ ದಿನ ಅವರು ಉಣ್ಣಲಿಲ್ಲ.

"ಅವರು ಉಂಡರೋ ಇಲ್ಲವೋ ನಂಗೆ ಇವತ್ತಿಗೂ ಗೊತ್ತಿಲ್ಲ. ನಾನು ಓಡಿ ಬಂದದ್ದು ಟೀಚರ್. ಇಲ್ಲಿ ಎಲ್ಲರೂ ನನ್ನನ್ನು ಕಷ್ಟಪಟ್ಟು ಬಂದವ ಅಂತ ನೋಡ್ತಾರೆ. ಓಡಿ ಬಂದದ್ದು."

ಹಿಂದಿರುಗಿ ಹೋಗು ಎಂದು ಅವರಿಗೆ ಯಾರೂ ಆಜ್ಞೆ ಮಾಡಿರಲಿಲ್ಲ. ಮಠದ ಹಿರಿಯರು ನಿರ್ಧಾರವನ್ನು ಅವರಿಗೇ ಬಿಟ್ಟಿದ್ದರು. ಹೋಗುತ್ತೇನೆ ಎಂದವರು ಮೊದಲು ಮೊಣಕಾಲಿನ ಆಪರೇಷನ್ ಎಂದರು. ಆಮೇಲೆ ಚಳಿ ಮುಗಿಯಲಿ ಎಂದರು. ಆಮೇಲೆ ಹೊಸ ಒಲೆ ಕೂರಿಸುವುದು ಬಾಕಿ ಇದೆ ಎಂದರು. ಒಲೆ ಕೂತಿತು. ಅವರೇ ಟಿಕೆಟ್ ಮಾಡಿಸಿದರು, ಜೂನ್ ತಿಂಗಳಿಗೆ.

ಏರ್‌ಪೋರ್ಟಿಗೆ ಬಿಟ್ಟವಳು ನಾನು. ಲೈಸೆನ್ಸ್ ಸಿಕ್ಕಿ ಮೂರು ವಾರವಾಗಿತ್ತು. ಮಠದ ವ್ಯಾನಿನಲ್ಲಿ ಹೋಗಬಹುದಿತ್ತು, ಆದರೆ ಟೀಚರ್ ಡ್ರೈವ್ ಮಾಡಲಿ ಎಂದು ಅವರೇ ಹೇಳಿದರು. "ನಿಮ್ಮ ಡ್ರೈವಿಂಗಲ್ಲಿ ಬದುಕಿದ್ರೆ ಮತ್ತೆ ಎಂತ ಹೆದರಿಕೆ ಮಾರಾಯ್ರೆ" ಎಂದು ಮಠದ ಬಾಗಿಲಲ್ಲಿ ನಗಿಸಿದರು. ಕಳಿಸಲು ಬಂದವರೆಲ್ಲ ನಕ್ಕರು. ಅವರ ಬಗ್ಗೆ ಮಠದವರು ಈಚೆಗೆ ಅಚ್ಚು ಹಾಕಿಸಿದ ಪುಟ್ಟ ಪುಸ್ತಿಕೆಯಲ್ಲಿ 'ನಗುನಗುತ್ತಾ ಹೊರಟರು' ಎಂದಿದೆ. ಬಾಗಿಲವರೆಗೆ ಅದು ನಿಜ.

ಡಿಯರ್‌ಬಾರ್ನ್ ದಾಟುವಷ್ಟರಲ್ಲಿ ಅವರ ಕೈ ಸೊಂಟಕ್ಕೆ ಹೋಗಿತ್ತು. ಹಗ್ಗದ ಗಂಟುಗಳನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. ಮುಂದಿನ ಎಕ್ಸಿಟ್ ತೆಗೆದುಕೊಳ್ಳಿ ಎಂದರು. ತೆಗೆದುಕೊಂಡೆ. ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿದೆ. ಇಳಿದು ಹುಲ್ಲಿನ ಮೇಲೆ ವಾಂತಿ ಮಾಡಿದರು. ಸುಧಾರಿಸಿಕೊಂಡು ಬಂದು ಕೂತು, ಗಾಜಿನಾಚೆ ನೋಡುತ್ತಾ ಹೇಳಿದರು.

"ನಂಗೆ ಆಗುದಿಲ್ಲ ಟೀಚರ್. ಹಿಂದೆ ಹೋಗುವ."

ಇಲ್ಲಿಯವರೆಗೆ ನನಗೆ ಒಂದೇ ನೆನಪು. ಇಲ್ಲಿಂದ ಮುಂದೆ ಎರಡಿವೆ.

ಒಂದರಲ್ಲಿ, ನಾನು ಕಾರು ತಿರುಗಿಸಿ ಡೆಟ್ರಾಯಿಟ್ ಕಡೆಗೆ ಎರಡು ಮೂರು ಮೈಲಿ ಓಡಿಸುತ್ತೇನೆ. ಅವರು ಕಣ್ಣು ಮುಚ್ಚಿಕೊಂಡಿದ್ದಾರೆ. ಕಣ್ಣು ತೆರೆದು, "ಇಲ್ಲ, ತಿರುಗಿಸಿ" ಎನ್ನುತ್ತಾರೆ. ಮತ್ತೆ ಎಕ್ಸಿಟ್, ಮತ್ತೆ ಏರ್‌ಪೋರ್ಟಿನ ದಾರಿ.

ಇನ್ನೊಂದರಲ್ಲಿ ಅವರು ಹಾಗೆ ಹೇಳುವುದೇ ಇಲ್ಲ. ಮೂರು ವಾರದ ಡ್ರೈವರ್ ನಾನು. ಹೈವೇಗೆ ಹತ್ತುವ ರ‍್ಯಾಂಪ್ ಅಲ್ಲಿ ಎರಡಿವೆ, ಸುತ್ತಿಕೊಂಡು ಹೋಗುವಂಥವು, ಬೋರ್ಡು ಓದುವಷ್ಟರಲ್ಲಿ ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆಯುತ್ತಾನೆ. ಡೆಟ್ರಾಯಿಟ್ ಕಡೆಗೆ ಎಂದು ನಾನು ಹತ್ತಿದ್ದು ಗಿರ‍್ರನೆ ಸುತ್ತಿ ಮತ್ತೆ ಏರ್‌ಪೋರ್ಟಿನ ಕಡೆಗೇ ಇಳಿಯುತ್ತದೆ. ವಿಮಾನದ ಚಿತ್ರವಿರುವ ಬೋರ್ಡು ಎದುರಿಗೆ. ನಾನು ಅಳುತ್ತಿದ್ದೇನೆ, ಸಾರಿ ಬ್ರದರ್, ಸಾರಿ ಬ್ರದರ್. ಅವರು ಬೋರ್ಡು ನೋಡಿ, "ಹೋಗ್ಲಿ ಬಿಡಿ, ಹೀಗೇ ಹೋಗುವ" ಎನ್ನುತ್ತಾರೆ.

ಮೊದಲನೆಯದು ಅವರನ್ನು ಧೀರನನ್ನಾಗಿ ಮಾಡುತ್ತದೆ. ನನ್ನನ್ನೂ ಬಿಡುಗಡೆ ಮಾಡುತ್ತದೆ. ಅದಕ್ಕೇ ಅದರ ಮೇಲೆ ನನಗೆ ಅನುಮಾನ. ಎರಡನೆಯದರಲ್ಲಿ ಹಾರ್ನ್ ಇದೆ, ಬೋರ್ಡಿದೆ, ಸ್ಟೀರಿಂಗ್ ಮೇಲೆ ಜಾರುತ್ತಿದ್ದ ನನ್ನ ಅಂಗೈಯ ಬೆವರಿದೆ... ಆದರೆ ತಪ್ಪು ಹೊತ್ತುಕೊಳ್ಳುವುದರಲ್ಲೂ ಒಂದು ಸುಖವಿದೆ, ಮನಸ್ಸು ಅದಕ್ಕೋಸ್ಕರ ಎಷ್ಟು ವಿವರ ಬೇಕಾದರೂ ಹುಟ್ಟಿಸಿಕೊಡುತ್ತದೆ.

ಇಷ್ಟು ಮಾತ್ರ ಎರಡಾಗಿಲ್ಲ. ಏರ್‌ಪೋರ್ಟಿನ ಬಾಗಿಲ ಮುಂದೆ ಕಾರು ನಿಲ್ಲಿಸಿದೆ. ಅವರು ಇಳಿಯಲಿಲ್ಲ. ನಾನು ದಾರಿಗೆಂದು ಡಬ್ಬಿಯಲ್ಲಿ ಪುಳಿಯೋಗರೆ ಕಟ್ಟಿಕೊಂಡು ಬಂದಿದ್ದೆ. ಅದನ್ನು ಅವರ ತೊಡೆಯ ಮೇಲಿಟ್ಟೆ.

"ವಾಪಸ್ ಹೋಗೋಣ್ವಾ ಬ್ರದರ್? ನಾನೇ ಕರ್ಕೊಂಡು ಹೋಗ್ತೀನಿ."

"ರುಚಿ ನೋಡಿದ್ರಾ?"

"ಇಲ್ಲ."

ಡಬ್ಬಿ ತೆರೆದರು. ಒಂದು ತುತ್ತು ಬಾಯಿಗಿಟ್ಟುಕೊಂಡರು. ನಿಧಾನವಾಗಿ ಅಗಿದರು. ಪೊಲೀಸಿನವಳೊಬ್ಬಳು ಬಂದು ಗಾಜು ತಟ್ಟಿ, ಇಲ್ಲಿ ನಿಲ್ಲುವಂತಿಲ್ಲ, ಮುಂದೆ ಹೋಗಿ ಎಂದು ಕೈ ಬೀಸಿದಳು.

"ಉಪ್ಪು ಸರಿ ಉಂಟು" ಎಂದು ಡಬ್ಬಿ ಮುಚ್ಚಿಕೊಂಡು ಇಳಿದರು. ಬಗ್ಗಿ, ಕಿಟಕಿಯಿಂದ, "ದಾರಿಯಲ್ಲಿ ಆದದ್ದು ನಮ್ಮಿಬ್ಬರಲ್ಲೇ ಇರಲಿ, ಆಯ್ತಾ" ಎಂದರು. ಆಯ್ತು ಎಂದೆ.

ಮುಂದಿನ ವರ್ಷ ಸುದ್ದಿ ಬಂತು. ಆಗಲೇ ಗಂಡನ ಪ್ರಾಜೆಕ್ಟು ಬದಲಾಗಿ ನಾವು ಈ ರಾಜ್ಯಕ್ಕೆ, ಶಾಮ್‌ಬರ್ಗ್‌ಗೆ ಬಂದಿದ್ದೆವು. ಮಠದಿಂದ ಯಾರೋ ಫೋನ್ ಮಾಡಿದರು. ಬಂದೂಕಿನವರು ಆ ಅಂಗಳಕ್ಕೆ ನುಗ್ಗಿ ಒಂದು ಪಂಗಡದವರನ್ನು ಹೊರಗೆ ಕಳಿಸು ಎಂದರಂತೆ. ಇವರು ಅಡಿಗೆಯ ಚಪ್ಪರದ ಬಾಗಿಲಲ್ಲಿದ್ದರು. ಊಟ ಆಗಲಿ, ಆಮೇಲೆ ಮಾತಾಡೋಣ ಎಂದರಂತೆ. ಪಕ್ಕಕ್ಕೆ ಸರಿ ಎಂದರಂತೆ, ಇವರು ಸರಿಯಲಿಲ್ಲ, ಅಲ್ಲೇ ಕೊಂದರು. ಅಷ್ಟರಲ್ಲಿ ಅವರ ಹಿಂದೆ ಬೇಲಿಯ ಸಂದಿಯಿಂದ ಒಂದಷ್ಟು ಜನ ಓಡಿ ಬದುಕಿಕೊಂಡರು. ಎಲ್ಲರೂ ಅಲ್ಲ.

ಫೋನಿಟ್ಟು ನಾನು ಏನು ಮಾಡಿದೆ? ಅತ್ತೆನೆಂದು ಬರೆಯಬಹುದು. ನೆನಪಿರುವುದು ಇಷ್ಟೇ: ಶಾಮ್‌ಬರ್ಗ್‌ನ ಆ ಅಪಾರ್ಟ್‌ಮೆಂಟಿನ ಕಿಟಕಿಯಿಂದ ಹೈವೇಯ ರ‍್ಯಾಂಪ್ ಕಾಣುತ್ತಿತ್ತು. ಪರದೆ ಎಳೆದೆ.

ಕುಚ್ಚಲಕ್ಕಿ ಬೇಯಿಸಿದ ಮರುದಿನ ಡೆಟ್ರಾಯಿಟ್‌ಗೆ ಫೋನ್ ಮಾಡಿ, ಬನ್ನಿ ಎಂದೆ. ವಿಚಾರಣೆಯ ಪಾದ್ರಿ ಬರುವ ಹಿಂದಿನ ದಿನ ಮಗಳು ಎದುರು ಕೂತಳು. ಅವಳಿಗೆ ಮಾತ್ರ ಎಲ್ಲವನ್ನೂ ಹೇಳಿದ್ದೆ.

"ಅಮ್ಮಾ, ಜಸ್ಟ್ ಸೇ ಹಿ ವಾಸ್ ಬ್ರೇವ್. ಹೂ ಡಸ್ ಇಟ್ ಹರ್ಟ್?"

"ಅವರಿಗೆ ಹರ್ಟ್ ಆಗತ್ತೆ ಕಣೇ."

"ಹಿ ಈಸ್ ಡೆಡ್, ಅಮ್ಮಾ."

"ಅದಕ್ಕೇ. ಅವರು ಬಂದು ಕರೆಕ್ಟ್ ಮಾಡೋಕಾಗಲ್ವಲ್ಲ."

ಪಾದ್ರಿ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದರು. ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಬ್ರದರನ್ನು ನೋಡಿದವರೇ ಅಲ್ಲ. ಊಟದ ಮೇಜಿನ ಮೇಲೆ ರೆಕಾರ್ಡರ್ ಇಟ್ಟರು, ನನ್ನ ನಂಬಿಕೆಯಂತೆ ಪ್ರಮಾಣ ಮಾಡಿದರೆ ಸಾಕು ಎಂದರು. ದೇವರ ಗೂಡಿನ ಕಡೆ ತಿರುಗಿ ಸತ್ಯ ಹೇಳುತ್ತೇನೆ ಎಂದೆ. ಹೇಳಿದ ತಕ್ಷಣ ನಗು ಬಂತು, ಯಾವ ಸತ್ಯ ಎಂದು.

ಮಾತು ಕೊಟ್ಟಿದ್ದೇನೆ ಎಂಬುದನ್ನೇ ಮೊದಲು ಹೇಳಿದೆ. ಅವರು ಒತ್ತಾಯಿಸಲಿಲ್ಲ. ಕಾಯುತ್ತಾ ಆ ಪುಸ್ತಿಕೆಯನ್ನು ನನ್ನ ಕಡೆ ಸರಿಸಿದರು. ಮುಖಪುಟದಲ್ಲಿ ಚಿತ್ರ. ಚಪ್ಪರದ ಬಾಗಿಲಲ್ಲಿ ಬ್ರದರ್ ಎರಡೂ ಕೈಗಳನ್ನು ಶಿಲುಬೆಯಂತೆ ಅಗಲಿಸಿ ನಿಂತಿದ್ದಾರೆ, ಮುಖದ ಮೇಲೆ ಬೆಳಕು.

"ಇದಾಗಲ್ಲ" ಎಂದುಬಿಟ್ಟೆ. ಅವರ ಬಲಗೈ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ವರ್ಷಗಟ್ಟಲೆ ಹಂಡೆ ಎತ್ತಿ ಎತ್ತಿ ಕೆಟ್ಟಿತ್ತು. ಮೇಲಿನ ಕಪಾಟಿನ ಡಬ್ಬ ಬೇಕಾದರೆ ನನ್ನನ್ನು ಕರೆಯುತ್ತಿದ್ದರು. ಹೀಗೆ ಕೈ ಚಾಚಿ ಅವರು ನಿಂತಿರಲು ಸಾಧ್ಯವೇ ಇಲ್ಲ.

ಪಾದ್ರಿ ಅದನ್ನು ಬರೆದುಕೊಂಡರು. ಚಿತ್ರದಲ್ಲಿದ್ದ ಆ ನಿರ್ಭಯ ಅಪರಿಚಿತನನ್ನು ನೋಡುತ್ತಿದ್ದಂತೆ ನನಗೆ ಅನ್ನಿಸಿತು: ನಾನು ಬಾಯಿ ಮುಚ್ಚಿಕೊಂಡರೆ ಇವನೇ ಉಳಿಯುತ್ತಾನೆ. ನನ್ನ ಬ್ರದರ್ ಉಳಿಯುವುದಿಲ್ಲ. ಲಾರಿ ಹತ್ತಿ ಓಡಿದ್ದು, ಮೊಣಕಾಲು, ಚಳಿ, ಒಲೆ, ಹುಲ್ಲಿನ ಮೇಲಿನ ವಾಂತಿ, ಹಿಂದೆ ಹೋಗುವ ಎಂದದ್ದು, ಎಲ್ಲ ಹೇಳಿದೆ. ಮಗಳಿಗೆ ಹೇಳಿ ಒಮ್ಮೆ ಮುರಿದಿದ್ದ ಮಾತನ್ನು ಮತ್ತೆ ಮುರಿದೆ. ರ‍್ಯಾಂಪಿನ ಎರಡೂ ಕತೆ ಹೇಳಿದೆ.

ಎರಡರಲ್ಲಿ ಯಾವುದು ನಡೆದದ್ದು ಎಂದು ಕೇಳಿದರು.

ಗೊತ್ತಿಲ್ಲ ಎಂದೆ.

ಅವರು 'ಸಾಕ್ಷಿಗೆ ನೆನಪಿಲ್ಲ' ಎಂದು ಬರೆಯತೊಡಗಿದರು. ನಾನು ತಡೆದೆ. ನೆನಪಿಲ್ಲ ಎಂದಲ್ಲ, ಎರಡೂ ನೆನಪಿದೆ ಎಂದು ಬರೆಯಿರಿ ಎಂದೆ. ಇದರಿಂದ ಅವರ ಕೇಸು ಬಿದ್ದುಹೋಗುತ್ತದೆಯೇ ಎಂದೂ ಕೇಳಿದೆ. ಅದನ್ನು ತೀರ್ಮಾನಿಸುವವರು ಬೇರೆ ಇದ್ದಾರೆ ಎಂದರು. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಕೊನೆಗೆ ರೆಕಾರ್ಡರ್ ಆರಿಸಿ ಹೇಳಿದರು: ಬದುಕಿ ಉಳಿದ ಅಡಿಗೆಯವಳೊಬ್ಬಳ ಸಾಕ್ಷಿಯನ್ನು ತೆಗೆದುಕೊಂಡಿದ್ದೇವೆ. ಬಂದೂಕಿನವರು ಬಂದಾಗ ಬ್ರದರ್ ಆಗಷ್ಟೇ ಮೊದಲ ಸೌಟು ಉಂಡು, ಎಲ್ಲರಿಗೂ ಕಾಣುವಂತೆ ನಿಂತಿದ್ದರಂತೆ. ಕೈ ನಡುಗುತ್ತಿತ್ತಂತೆ. ಅದನ್ನು ಪುಸ್ತಿಕೆಗೆ ಹಾಕುವುದು ಬೇಡವೆಂದು ಬಿಟ್ಟೆವು.

ಹಾಳೆ ಹಾಳೆಗೂ ಸಹಿ ಹಾಕಿದೆ. ಟೀಚರ್ ಆಗಿದ್ದಾಗ ಮಾರ್ಕ್ಸ್ ಶೀಟುಗಳಿಗೆ ಹಾಕುತ್ತಿದ್ದ ಉದ್ದನೆಯ ಸಹಿಯನ್ನೇ ಹಾಕಿದೆ, ಯಾಕೋ.

ಐದು ಗಂಟೆ ಮತ್ತೆ ಓಡಿಸಬೇಕಾದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದು ಹೇಗೆ? ಕುಚ್ಚಲಕ್ಕಿ ಗಂಜಿ ಮಾಡಿಟ್ಟಿದ್ದೆ. ಬಟ್ಟಲು ತೆಗೆದೆ, ಉಪ್ಪಿನಕಾಯಿ ತೆಗೆದೆ, ಮುಚ್ಚಳ ಎತ್ತಿದೆ. ಮತ್ತೆ ಆ ವಾಸನೆ. ಸೌಟಿನಲ್ಲಿ ತೆಗೆದ ಗಂಜಿ ಬಟ್ಟಲಿನವರೆಗೆ ಹೋಗಿ ನಿಂತಿತು. ಇಷ್ಟು ವರ್ಷದ ಅಡಿಗೆಯಲ್ಲಿ, ಆ ಸಮುದ್ರದ ದಿನದ ನಂತರವೂ, ನಾನು ಬಡಿಸುವ ಮುಂಚೆ ಯಾವುದನ್ನೂ ಬಾಯಿಗೆ ಹಾಕಿದವಳಲ್ಲ. ಮೇಜಿನ ಹತ್ತಿರ ಮಗಳೂ ಪಾದ್ರಿಯೂ ನನ್ನನ್ನೇ ನೋಡುತ್ತಿದ್ದರು. ಅಂಗೈಗೆ ಸ್ವಲ್ಪ ಸುರಿದುಕೊಂಡು ಬಾಯಿಗಿಟ್ಟೆ.

ಉಪ್ಪು ಕಡಿಮೆಯಿತ್ತು. ಒಂದು ಚಿಟಿಕೆ ಹಾಕಿದೆ. ಸಾಕೋ ಬೇಕೋ ಎಂದು ಬ್ರದರನ್ನು ಕೇಳಲು ತಿರುಗಿದೆ... ಆ ಕಡೆ ಫ್ರಿಜ್ಜಿತ್ತು. ಇನ್ನೊಮ್ಮೆ ನಾನೇ ರುಚಿ ನೋಡಿ, ಬಡಿಸಿದೆ.